ಹತ್ತಕ್ಕೆ ಹತ್ತು ಕೊಟ್ಟ ಊರು

ತಕ್ಕಡಿಯಣ್ಣ ಯಾರನ್ನೂ ನಂಬುತ್ತಿರಲಿಲ್ಲ. ಅದು ಅವನ ಕೆಟ್ಟತನವಲ್ಲ, ಕಸುಬು. ನಲವತ್ತು ವರ್ಷ ಸುತ್ತಲ ಹಳ್ಳಿಗಳ ಅಂಗಡಿ ತಕ್ಕಡಿಗಳನ್ನು ರಿಪೇರಿ ಮಾಡಿದವನು. ತಟ್ಟೆಯ ಅಡಿಗೆ ಅಂಟಿಸಿದ ಅಯಸ್ಕಾಂತ, ಬುಡ ಕೊರೆದು ಹಗುರ ಮಾಡಿದ ತೂಕದ ಕಲ್ಲು, ಎಲ್ಲವೂ ಅವನ ಕೈಗೇ ಸಿಕ್ಕಿಬಿದ್ದಿದ್ದವು. ಹೆಂಡತಿ ಹೋದಮೇಲೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಒಬ್ಬನೇ ಇದ್ದ. ಮಾತು ಬೇಕೆನಿಸಿದರೆ ರೇಡಿಯೋವನ್ನು ಬೈಯುತ್ತಿದ್ದ.

ಆಗಲೇ ಒಂದು ಸೇವಾ ಸಂಸ್ಥೆಯ ವ್ಯಾನು ಊರಿಗೆ ಬರತೊಡಗಿತು. ಗುರುವಾರ ಮಧ್ಯಾಹ್ನ ಮೂಲೆಮೂಲೆಯ ಮನೆಗಳಿಂದ ಒಂಟಿ ಜನರನ್ನು ಹತ್ತಿಸಿಕೊಂಡು ಹಳೆಯ ಗೋದಾಮಿಗೆ ತರುತ್ತಿತ್ತು. ಅಲ್ಲಿ ಚಹಾ, ಕೇರಂ ಬೋರ್ಡು, ಮಾತು. ಎಲ್ಲ ಬಿಟ್ಟಿ.

"ಬಿಟ್ಟಿ ಚಹಾಕ್ಕೆ ಇಷ್ಟೊಂದು ಸಕ್ಕರೆ ಹಾಕ್ತಾರಲ್ಲ, ಏನೋ ಇದೆ," ಎಂದ. ಆ ಏನೋ ಎಂಥದೆಂದು ಪತ್ತೆ ಮಾಡಲೆಂದೇ ಹೋದವನು ಒಂದು ಗುರುವಾರವನ್ನೂ ತಪ್ಪಿಸಲಿಲ್ಲ.

ಪಕ್ಕದ ಬೀದಿಯ ಟೈಲರಮ್ಮ ಕಾಲೆಳೆಯುತ್ತಿದ್ದಳು. "ಏನಣ್ಣ, ಇವತ್ತಾದ್ರೂ ಕಳ್ಳತನ ಸಿಕ್ತಾ?"

"ಎಷ್ಟು ದಿನ ಮುಚ್ಚಿಡ್ತಾರೆ, ನೋಡ್ತಿರು. ಕಾಯಿ ಮುಟ್ಟಬೇಡ, ಸರದಿ ನಂದು."

ತಿಂಗಳ ಕೊನೆಗೆ ಸಂಸ್ಥೆಯ ಮೇಡಂ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳಿದರು: "ಮನಸ್ಸು ತೀರಾ ಕುಗ್ಗಿದ್ರೆ ಒಂದು, ತುಂಬಾ ಚೆನ್ನಾಗಿದ್ರೆ ಹತ್ತು. ನಿಮ್ಮದು ಎಷ್ಟು?"

ತಕ್ಕಡಿಯಣ್ಣನ ಕಿವಿ ನೆಟ್ಟಗಾಯಿತು. "ತೂಗೋಕೆ ಮೊದಲು ಸೊನ್ನೆ ನೋಡ್ಬೇಕು, ಮೇಡಂ. ನಿಮ್ಮ ಸೊನ್ನೆ ಎಲ್ಲಿದೆ?"

ಮೇಡಂ ನಕ್ಕುಬಿಟ್ಟರು. ಏನೋ ಮೋಸವಿದೆ ಎನ್ನುವುದಕ್ಕೆ ಆ ನಗುವೇ ಅವನಿಗೆ ಸಾಕ್ಷಿಯಾಯಿತು. ವ್ಯಾನಿನಲ್ಲಿ ವಾಪಸ್ಸಾಗುವಾಗ ಸೀಟಿನಿಂದ ಸೀಟಿಗೆ ಬಗ್ಗಿ ಪಿಸುಗುಟ್ಟಿದ: "ಕಡಿಮೆ ಹೇಳಿದವರ ಹೆಸರು ಬರ್ಕೋತಾರೆ. ಆಮೇಲೆ ಎಲ್ಲೋ ಆಶ್ರಮಕ್ಕೆ ತಳ್ಳಿ ಮನೆಗೆ ಬೀಗ ಜಡೀತಾರೆ. ಹತ್ತು ಅನ್ನಿ, ಸುಮ್ಮನಿರಿ."

ಮುಂದಿನ ತಿಂಗಳಿಂದ ಎಲ್ಲರೂ ಹತ್ತೆಂದರು. ನಾಲ್ಕು ತಿಂಗಳೂ ಹತ್ತೇ. ತಂಗಿಯನ್ನು ಮಣ್ಣುಮಾಡಿ ಬಂದ ವಾರ ಟೈಲರಮ್ಮ ಕೂಡ ಕಣ್ಣೊರೆಸಿಕೊಂಡು ಹತ್ತೆಂದಳು.

ಐದನೇ ತಿಂಗಳು ಮೇಡಂ ಸಿಹಿ ಹಂಚಿದರು. "ನಮ್ಮ ಆಫೀಸಿನವರಿಗೆ ತುಂಬಾ ಖುಷಿ. ಇಲ್ಲಿ ಎಲ್ಲರೂ ಚೆನ್ನಾಗಿದ್ದೀರಿ. ಮುಂದಿನ ವಾರದಿಂದ ವ್ಯಾನು ಬೇರೆ ಊರಿಗೆ ಹೋಗುತ್ತೆ. ಅಲ್ಲಿ ಜನ ಕಷ್ಟದಲ್ಲಿದ್ದಾರೆ."

ಸಿಹಿ ಎಲ್ಲರ ಕೈಯಲ್ಲೇ ಉಳಿಯಿತು. ಎಲ್ಲರೂ ತಕ್ಕಡಿಯಣ್ಣನ ಮುಖ ನೋಡಿದರು. ಬಾಯಿಬಿಡಿಸುವುದಕ್ಕೆ ಇದೂ ಒಂದು ಉಪಾಯವೇ ಇರಬೇಕೆಂದು ಅವನಿಗೆ ಮೊದಲು ಅನ್ನಿಸಿತು. ನಿಜ ಹೇಳಿದರೆ ಮನೆ ಹೋದೀತು, ಹೇಳದಿದ್ದರೆ ಗುರುವಾರ ಹೋಗುತ್ತದೆ.

"ನಂದು ಎರಡು," ಎಂದ.

"ಏನು?"

"ಎರಡು, ಮೊದಲಿಂದಲೂ. ಗುರುವಾರ ಮಾತ್ರ ಐದೋ ಆರೋ ಆಗುತ್ತೆ. ಹತ್ತು ಅನ್ನೋಕೆ ಇವರಿಗೆಲ್ಲ ಹೇಳ್ಕೊಟ್ಟವನೂ ನಾನೇ. ಬರ್ಕೊಳ್ಳಿ. ಆದ್ರೆ ಮನೆ ಬೀಗದ ಕೈ ಮಾತ್ರ ಕೊಡಲ್ಲ."

ಈಗ ಹುಬ್ಬು ಗಂಟಿಕ್ಕುವ ಸರದಿ ಮೇಡಂದು. "ವ್ಯಾನು ಉಳಿಸ್ಕೊಳ್ಳೋಕೆ ಹೀಗೆ ಹೇಳ್ತಿದ್ದೀರಾ?"

"ಹೂಂ. ಅದಕ್ಕೇ."

"ನಂದು ಒಂದು, ಮೇಡಂ," ಎಂದಳು ಟೈಲರಮ್ಮ, ತಲೆ ಎತ್ತದೆ. ಆಮೇಲೆ ಹಿಂದಿನ ಕುರ್ಚಿಗಳಿಂದಲೂ ಒಂದೊಂದೇ ದನಿ ಎದ್ದಿತು. ಮೇಡಂ ಹೊಸ ಹಾಳೆ ತೆಗೆದರು.

ಅದಾಗಿ ಮೂರು ವರ್ಷವಾಯಿತು, ವ್ಯಾನು ಈಗಲೂ ಬರುತ್ತಿದೆ. ತಕ್ಕಡಿಯಣ್ಣ ಕೊನೆಯವರೆಗೂ ಬೀಗದ ಕೈಯನ್ನು ಸೊಂಟಕ್ಕೆ ಕಟ್ಟಿಕೊಂಡೇ ಅದನ್ನು ಹತ್ತಿದ. ಹೋದ ತಿಂಗಳು ಒಂದು ಗುರುವಾರ ಅವನು ಬೀದಿಯಲ್ಲಿ ಕಾಯುತ್ತ ನಿಂತಿರಲಿಲ್ಲ. ಡ್ರೈವರು ಎರಡು ಸಲ ಹಾರ್ನ್ ಹೊಡೆದು, ವ್ಯಾನು ನಿಲ್ಲಿಸಿ, ಇಳಿದು ಹೋಗಿ ಕದ ತಟ್ಟಿದ. ತಕ್ಕಡಿಯಣ್ಣ ತೀರಿಕೊಂಡು ಒಂದು ರಾತ್ರಿಯಷ್ಟೇ ಆಗಿತ್ತು.