ಗವಾಕ್ಷಿಯ ಗೋಣಿಚೀಲ

ನಮ್ಮ ಅತ್ತೆ ಪುಟ್ಟತಾಯಮ್ಮನವರು ಯಾರಿಗಾದರೂ ಒಳ್ಳೆಯದು ಮಾಡಿದರೆ ಅದಕ್ಕೊಂದು ಸುಳ್ಳು ಕಾರಣ ಕೊಡುತ್ತಿದ್ದರು. ಪಕ್ಕದ ಮನೆಯ ಮುದುಕಿಗೆ ಸಾರು ಕೊಟ್ಟು ಬಂದರೆ, "ಉಪ್ಪು ಜಾಸ್ತಿ ಆಗಿತ್ತು, ಚೆಲ್ಲೋ ಬದ್ಲು ಕೊಟ್ಟೆ" ಎನ್ನುತ್ತಿದ್ದರು. ಸಾರಿಗೆ ಉಪ್ಪು ಹದವಾಗಿಯೇ ಇರುತ್ತಿತ್ತು. ನಾನು ಶಾಲೆಯಿಂದ ಸುಸ್ತಾಗಿ ಬಂದ ದಿನ ಪಾತ್ರೆಗಳನ್ನೆಲ್ಲ ಅವರೇ ತೊಳೆದು ಬೋರಲು ಹಾಕಿರುತ್ತಿದ್ದರು. ಯಾಕೆ ತೊಳೆದಿರಿ ಎಂದರೆ, "ನೀನು ತೊಳುದ್ರೆ ಜಿಡ್ಡು ಹೋಗಲ್ಲ ಕಣೇ." ಮದುವೆಯಾದ ಹೊಸತರಲ್ಲಿ ಇಂಥ ಮಾತಿಗೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ನನ್ನ ಗಂಡ ಮಹೇಶ ಮಾತ್ರ ನಗುತ್ತಿದ್ದ. "ಅಮ್ಮ ಬಾಯಲ್ಲಿ ಹೇಳೋದನ್ನ ಕೇಳ್ಬೇಡ ಸವಿತಾ, ಕೈಯಲ್ಲಿ ಏನು ಮಾಡ್ತಾರೆ ನೋಡು" ಎನ್ನುತ್ತಿದ್ದ. ಹಾಗೆ ನೋಡುವುದನ್ನು ಕಲಿಯಲು ನನಗೆ ಎರಡು ಹೆರಿಗೆ ಬೇಕಾದವು.

ಗುಬ್ಬಿಯಿಂದ ಸ್ವಲ್ಪ ದೂರದಲ್ಲಿ ನಮ್ಮ ಹೆಂಚಿನ ಮನೆ. ಮಾವನವರು ನಾನು ಬರುವ ಮೊದಲೇ ತೀರಿಕೊಂಡಿದ್ದರು. ಮಹೇಶ ಬಿದರೆಹಳ್ಳ ಕಾವಲ್ ಕಡೆ ಕೆಲಸಕ್ಕೆ ಹೋಗುತ್ತಿದ್ದ, ನಾನು ಗುಬ್ಬಿಯ ಒಂದು ಶಾಲೆಯಲ್ಲಿ ಟೀಚರ್. ತೋಟ, ಕಾಯಿ, ಕೊಬ್ಬರಿ ಎಲ್ಲವೂ ಅತ್ತೆಯ ಕಾರುಬಾರು. ಅಡುಗೆಮನೆಯ ಮೇಲೆ ಬಿದಿರ ದಬ್ಬೆ ಹಾಸಿದ ಅಟ್ಟವಿತ್ತು, ಅಟ್ಟದ ತುಂಬ ತೆಂಗಿನಕಾಯಿ. ಆ ಕಾಯಿ ತಿಂಗಳುಗಟ್ಟಲೆ ಅಲ್ಲೇ ಬಿದ್ದಿರಬೇಕು, ಕೆಳಗಿನ ಸೌದೆ ಒಲೆಯ ಶಾಖ, ಹೊಗೆ ಕುಡಿಯಬೇಕು, ಒಳಗಿನ ನೀರು ಇಂಗಿ ಕೊಬ್ಬರಿಯಾಗಬೇಕು. ಅತ್ತೆ ಏಣಿ ಹತ್ತಿ ಒಂದೊಂದು ಕಾಯಿಯನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಸದ್ದು ಕೇಳಿ, "ಇದು ಆಗೈತೆ, ಇದಕ್ಕಿನ್ನೂ ಹೊಗೆ ಬೇಕು" ಎಂದು ಬೇರೆ ಮಾಡುತ್ತಿದ್ದರು. ಮಂಡಿಯಲ್ಲಿ ಪುಟ್ಟತಾಯಮ್ಮನ ಅಟ್ಟದ ಕೊಬ್ಬರಿ ಎಂದರೆ ಚೀಲ ಬಿಚ್ಚಿ ನೋಡುತ್ತಿರಲಿಲ್ಲವಂತೆ. ಇದನ್ನು ನನಗೆ ಹೇಳಿದವರು ಅತ್ತೆಯೇ, ಹಾಗಾಗಿ ಸ್ವಲ್ಪ ಕಳೆದೇ ನಂಬಬೇಕು.

ಇಂಥ ಮನೆಯಲ್ಲಿ ಹೊಗೆಯೂ ಒಂದು ಆಸ್ತಿ. ಹೆಂಚಿನ ನಡುವೆ ಹೊಗೆ ಹೋಗಲೆಂದು ಹಿರಿಯರು ಬಿಟ್ಟಿದ್ದ ಗವಾಕ್ಷಿಗೆ ಅತ್ತೆ ಒಂದು ಗೋಣಿಚೀಲವನ್ನು ಬಿಗಿಯಾಗಿ ತುರುಕಿದ್ದರು. "ಹೊಗೆ ಸುಮ್ನೆ ಆಕಾಶಕ್ಕೆ ಯಾಕೆ ಹೋಗ್ಬೇಕು? ಕಾಯಿಗಾದ್ರೂ ಆಗ್ಲಿ" ಎನ್ನುವುದು ಅವರ ಲೆಕ್ಕ. ಗ್ಯಾಸ್ ಒಲೆ ಇರಲಿಲ್ಲವೆಂದಲ್ಲ. ಅದು ಕಸೂತಿ ಬಟ್ಟೆ ಹೊದ್ದುಕೊಂಡು ಕಟ್ಟೆಯ ಮೇಲೆ ಕೂತಿರುತ್ತಿತ್ತು, ನೆಂಟರು ಬಂದಾಗ ಕಾಫಿಗೆ ಮಾತ್ರ ಏಳುತ್ತಿತ್ತು. ಗ್ಯಾಸಿನಲ್ಲಿ ತೊಳಸಿದ ಮುದ್ದೆ ಅತ್ತೆಯ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ನಾನು ಮೊದಲ ಸಲ ಬಸುರಿಯಾದಾಗ ಅತ್ತೆ ತಮ್ಮ ಕೋಣೆಯನ್ನು ನನಗೆ ಬಿಟ್ಟುಕೊಟ್ಟು ಪಡಸಾಲೆಗೆ ಹೋದರು. "ಆ ರೂಮಲ್ಲಿ ನಂಗೆ ನಿದ್ದೇನೇ ಬರಲ್ಲ" ಎಂದರು. ಮನೆಯಲ್ಲಿ ಅದಕ್ಕಿಂತ ಬೆಚ್ಚಗಿನ ಜಾಗ ಇರಲಿಲ್ಲ. ಅಡುಗೆಮನೆಗೆ ಅಂಟಿಕೊಂಡ ಕೋಣೆ, ನಡುವಿನ ಗೋಡೆ ಸೂರಿನವರೆಗೆ ಏರಿರಲಿಲ್ಲ, ಒಲೆಯ ಬಿಸಿ ಆ ಸಂದಿನಿಂದ ಇಳಿದು ಬರುತ್ತಿತ್ತು. ಬಿಸಿಯ ಜೊತೆ ಹೊಗೆಯೂ ಬರುತ್ತಿತ್ತು. ಕಣ್ಣು ಉರಿಯುತ್ತದೆ ಎಂದರೆ ಹರಳೆಣ್ಣೆ ಹಚ್ಚುತ್ತಿದ್ದರು, ಕೆಮ್ಮಿದರೆ ಮೆಣಸಿನ ಕಷಾಯ ಕೊಡುತ್ತಿದ್ದರು. "ಬಸುರಿ ಬೆಚ್ಚಗಿರ್ಬೇಕು ಕಣವ್ವ" ಎಂದು ಸಂಜೆ ಒಲೆಯ ಮುಂದೆ ಮಣೆ ಹಾಕಿ ಕೂರಿಸಿ, ಬಿಸಿ ರೊಟ್ಟಿಗೆ ಬೆಣ್ಣೆ ಇಟ್ಟು ಕೊಡುತ್ತಿದ್ದರು. ಅಷ್ಟು ಅಕ್ಕರೆಯಿಂದ ನನ್ನನ್ನು ಯಾರೂ ನೋಡಿಕೊಂಡಿರಲಿಲ್ಲ. ತಮಗೆ ಗೊತ್ತಿದ್ದ ಅತ್ಯಂತ ಒಳ್ಳೆಯ ಜಾಗವನ್ನೇ ಅವರು ನನಗೆ ಕೊಟ್ಟಿದ್ದರು.

ಇಂಚರ ದಿನ ತುಂಬಿಯೇ ಹುಟ್ಟಿದಳು. ಆದರೆ ತೂಕ ಎರಡು ಕೆಜಿಯನ್ನೂ ಮುಟ್ಟಲಿಲ್ಲ. ತುಮಕೂರಿನ ಆಸ್ಪತ್ರೆಯಲ್ಲಿ ಅವಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಸ್ವಲ್ಪ ಚೇತರಿಸಿಕೊಂಡ ಮೇಲೆ, ಮಗುವನ್ನು ಬರಿಮೈಯಲ್ಲಿ ಎದೆಗೆ ಅವುಚಿಕೊಂಡು ಕೂರಬೇಕು, ಆ ಕಾವಿನಲ್ಲೇ ಬೆಳೆಯಬೇಕು ಎಂದರು ನರ್ಸ್. ಆಪರೇಷನ್ ಆಗಿದ್ದ ನನಗೆ ಜ್ವರ. ಅತ್ತೆ ಕುಪ್ಪಸ ಸಡಿಲಿಸಿ, ಮೊಮ್ಮಗಳನ್ನು ಎದೆಯ ಮೇಲೆ ಮಲಗಿಸಿಕೊಂಡು ಸೆರಗಿನಲ್ಲಿ ಕಟ್ಟಿಕೊಂಡರು. ಊಟಕ್ಕೂ ಏಳದೆ, ಗೋಡೆಗೂ ಒರಗದೆ ಕೂತಿದ್ದರು. ಸ್ವಲ್ಪ ಹೊತ್ತು ಮಹೇಶನಿಗೆ ಕೊಡಿ ಅತ್ತೆ ಎಂದರೆ, "ನಂಗೇ ಚಳಿ ಆಗ್ತೈತೆ ಕಣೇ, ಕೂಸು ಬೆಚ್ಚಗೈತೆ" ಎಂದರು. ಹೊರಗೆ ಬೆಂಕಿಯಂಥ ಬಿಸಿಲು. ಇಂಚರ ಉಳಿದದ್ದು ಡಾಕ್ಟರರಿಂದ ಎಂದು ನಾನು ಎಲ್ಲರಿಗೂ ಹೇಳುತ್ತೇನೆ, ಅದು ನಿಜ. ಆ ಎದೆಯಿಂದ ಎನ್ನುವುದೂ ಅಷ್ಟೇ ನಿಜ.

ಮನೆಗೆ ಕಳಿಸುವ ದಿನ ಡಾಕ್ಟರಮ್ಮ, "ಮನೇಲಿ ಯಾರಾದ್ರೂ ಬೀಡಿ ಸಿಗರೇಟು ಸೇದ್ತಾರಾ?" ಎಂದು ಕೇಳಿದರು. ಅತ್ತೆ ನೆಟ್ಟಗಾದರು. "ನಮ್ಮನೇಲಿ ಅಂಥಾವು ಯಾವೂ ಇಲ್ಲ ಕಣಮ್ಮ."

"ಅಡುಗೆ ಯಾವುದರಲ್ಲಿ?"

"ಸೌದೆ ಒಲೇಲಿ."

"ಹೊಗೆ ಹೊರಗೆ ಹೋಗೋಕೆ ಜಾಗ ಇದೆಯಾ?"

ಅತ್ತೆ ಹೆಮ್ಮೆಯಿಂದಲೇ ಗೋಣಿಚೀಲದ ವಿಷಯ ಹೇಳಿದರು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಮಗು ಚಿಕ್ಕದಾಗಿದ್ದಕ್ಕೆ ಇದೊಂದೇ ಕಾರಣ ಅಂತ ನಾನು ಹೇಳಲ್ಲ ಅಮ್ಮ. ಆದ್ರೆ ಬಸುರಿ ಉಸಿರಾಡೋ ಗಾಳೀನೇ ಹೊಟ್ಟೇಲಿರೋ ಮಗೂಗೆ. ಅಷ್ಟು ಹೊಗೇಲಿ ಕೂರೋದು, ಬೀಡಿ ಸೇದೋದು, ಎರಡೂ ಹತ್ತಿರ ಹತ್ತಿರ ಒಂದೇ."

ಅಲ್ಲಿಂದ ಶುರುವಾಯಿತು. ತುಮಕೂರಿನಿಂದ ಗುಬ್ಬಿಯವರೆಗೆ ಅತ್ತೆ ಆಟೋದ ಮೂಲೆಯಲ್ಲಿ ಕೂತು, "ಬೀಡಿ ಸೇದೋಳು ಅಂದ್ಬುಟ್ಲಲ್ಲ ನನ್ನ" ಎನ್ನುತ್ತಲೇ ಇದ್ದರು. ಮಗು ನೋಡಲು ಬಂದವರಿಗೆಲ್ಲ ಅದೇ ಕಥೆ. ಯಡಿಯೂರಿನಿಂದ ಬಂದ ಅವರ ತಂಗಿಗೂ ಹೇಳಿದರು. "ಇದೇ ಒಲೆ ಮುಂದೆ ನಾನು ಮೂರು ಹೆತ್ತಿಲ್ವಾ? ಏನಾಗೈತೆ ಅವಕ್ಕೆ? ಮಹೇಶ ಹುಟ್ಟಿದಾಗ ಇಲಿಮರಿ ಹಂಗಿದ್ದ. ನಮ್ಮನೇಲಿ ಹುಟ್ಟೋವೇ ಚಿಕ್ಕವು" ಎಂದವರು ಅಲ್ಲಿಗೇ ನಿಂತುಬಿಟ್ಟರು. ತಂಗಿ ಮುಂದಿನ ಮಾತಿಗೆ ಕಾದು ಕೂತಿದ್ದರು. ಅತ್ತೆ ಎದ್ದು ಕಾಫಿ ಕಾಯಿಸಲು ಹೋದರು. ಬೀಡಿಯ ಕಥೆಯನ್ನು ಅವರ ಬಾಯಲ್ಲಿ ನಾನು ಮತ್ತೆ ಕೇಳಲಿಲ್ಲ.

ಇಂಚರ ನಡೆದಾಡುವ ಹೊತ್ತಿಗೆ ನಾನು ಮತ್ತೆ ಬಸುರಿಯಾದೆ. ಕುಣಿಗಲ್ಲಿನಲ್ಲಿ ನನ್ನ ತಾಯಿಗೆ ಮೊಣಕಾಲಿನ ಆಪರೇಷನ್ ಆಗಿತ್ತು, ಬಾಣಂತನವೂ ಇಲ್ಲೇ ಎಂದಾಯಿತು. ನನಗೆ ಒಳಗೊಳಗೇ ಭಯ. ಮತ್ತೊಂದು ಮಗು ಗಾಜಿನ ಪೆಟ್ಟಿಗೆಯಲ್ಲಿ ಮಲಗುವುದನ್ನು ನೋಡುವ ಶಕ್ತಿ ನನಗಿರಲಿಲ್ಲ. ಗವಾಕ್ಷಿಯ ಮಾತನ್ನು ಅತ್ತೆಯ ಮುಂದೆ ಹೇಗೆ ಎತ್ತುವುದು ಎಂದು ದಿನವೂ ಯೋಚಿಸುತ್ತಿದ್ದೆ. ಒಂದು ಬೆಳಿಗ್ಗೆ ಎದ್ದು ಬಂದರೆ ಅಡುಗೆಮನೆಯ ನೆಲದ ಮೇಲೆ ಬಿಸಿಲು ಬಿದ್ದಿತ್ತು. ಆ ಮನೆಯ ನೆಲಕ್ಕೆ ಮೇಲಿನಿಂದ ಬಿಸಿಲು ಬಿದ್ದದ್ದನ್ನು ನಾನು ನೋಡಿರಲೇ ಇಲ್ಲ. ಅತ್ತೆ ಅಟ್ಟದಿಂದ ಇಳಿಯುತ್ತಿದ್ದರು, ತಲೆಯೆಲ್ಲ ಮಸಿ, ಕೈಯಲ್ಲಿ ಕರಿ ಹಿಡಿದ ಗೋಣಿಚೀಲ.

"ಹುರುಳಿ ತುಂಬಕ್ಕೆ ಚೀಲ ಇರ್ಲಿಲ್ಲ" ಎಂದರು.

ಆ ವಾರವೇ ಒಲೆ ಹಿತ್ತಲ ಚಪ್ಪರಕ್ಕೆ ಹೋಯಿತು. ಕಾರಣ, ಒಳಗೆ ಸೆಕೆ. ಆಗ ಗಡಗಡ ನಡುಗುವ ಮಾಗಿ ಚಳಿ. ನನ್ನ ಅಡುಗೆಗೆ ಗ್ಯಾಸ್ ಒಲೆಯ ಕಸೂತಿ ಬಟ್ಟೆ ತೆಗೆದರು. ಕಾರಣ, ಬಟ್ಟೆ ಒಗೆಯಬೇಕಿತ್ತು. ತಮ್ಮ ಮುದ್ದೆ ಮತ್ತು ದನದ ಬೂಸಾ ಮಾತ್ರ ಚಪ್ಪರದಲ್ಲೇ ಬೇಯಿಸುತ್ತಿದ್ದರು. ನಾನು ಆ ಕಡೆ ಹೆಜ್ಜೆ ಹಾಕಿದರೆ, "ಬರಬ್ಯಾಡ, ನಿನ್ನ ಕಂಡ್ರೆ ಕೋಳಿ ಬೆದರ್ತವೆ" ಎನ್ನುತ್ತಿದ್ದರು. ನನಗಿಂತ ಸಾಧುವಾದ ಬಸುರಿಯನ್ನು ಆ ಕೋಳಿಗಳು ಕಂಡಿರಲಾರವು.

ಇದಕ್ಕೆ ಅವರು ತೆತ್ತದ್ದು ಕಡಿಮೆಯಲ್ಲ. ಒಲೆ ಇಲ್ಲದ ಅಟ್ಟಕ್ಕೆ ಮಳೆಗಾಲದ ಥಂಡಿ ಸೇರಿತು. ಕಾಯಿ ಒಡೆದಾಗ ಒಂದರ ಮೇಲೊಂದು ಕೆಟ್ಟು ಕೌಟಾಗಿ ಬಂದವು, ಒಳಗೆಲ್ಲ ಬೂಷ್ಟು. ಮಂಡಿಯವರು ಒಂದು ಹೋಳನ್ನು ಮೂಸಿ, "ಇದು ನಿಮ್ಮ ಅಟ್ಟದ್ದೇನಾ ಅಮ್ಮ?" ಎಂದು ಕೇಳಿದರು. ಅತ್ತೆಯ ಮುಖ ನೋಡಲು ನನಗಾಗಲಿಲ್ಲ. ಸೊಸೆಯ ಹೊಟ್ಟೆಗಾಗಿ ಹೊಗೆ ನಿಲ್ಲಿಸಿದೆ ಎಂದು ಒಂದು ಮಾತು ಹೇಳಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಅವರು ಹೇಳಿದ್ದು, "ಎಳೇ ಕಾಯಿ ಅಟ್ಟಕ್ಕೆ ಹಾಕ್ಬುಟ್ಟೆ ಕಣಪ್ಪ. ವಯಸ್ಸಾಯ್ತು, ಕಣ್ಣು ಕಾಣಲ್ಲ." ಮರುವರ್ಷದಿಂದ ಅಂಗಳದಲ್ಲಿ ತಗಡಿನ ಚಪ್ಪರ ಹಾಕಿಸಿ, ಬಿಸಿಲ ಕಾವಿನಲ್ಲೇ ಕಾಯಿ ಒಣಗಿಸಲು ಕಲಿತರು. ಆದರೆ ಹಳೆಯ ಹೆಸರು ಮತ್ತೆ ಬರಲಿಲ್ಲ.

ಚಿರಂತ್ ಹುಟ್ಟಿದಾಗ ಮೂರು ಕೆಜಿ ಇದ್ದ. ಎಲ್ಲವೂ ಹೊಗೆಯಿಂದಲೇ ಎಂದು ನಾನು ವಾದಿಸುವುದಿಲ್ಲ, ಈ ಸಲ ಊಟ, ಮಾತ್ರೆ, ವಿಶ್ರಾಂತಿ ಎಲ್ಲ ಸರಿಯಾಗಿಯೇ ಸಿಕ್ಕಿದ್ದವು. ನರ್ಸ್ ತೂಕ ಹೇಳಿದಾಗ ಅತ್ತೆ, "ಆ ತಕ್ಕಡಿ ಸರಿಗೈತಾ, ಇನ್ನೊಂದು ಸತಿ ನೋಡವ್ವ" ಎಂದರು. ಇನ್ನೊಂದು ಸಲವೂ ಮೂರೇ ಕೆಜಿ. ಆಗ ಸೆರಗಿನಿಂದ ಕಣ್ಣು ಒರೆಸಿಕೊಂಡು, ಫ್ಯಾನ್ ಗಾಳಿಗೆ ಧೂಳು ಬಿತ್ತು ಎಂದರು. ಬಾಣಂತಿ ಕೋಣೆಗೆ ಕೆಂಡ ಇಡಲಿಲ್ಲ, ಸಾಂಬ್ರಾಣಿ ಹಾಕಲಿಲ್ಲ. ಅಂಗಡಿಯಲ್ಲಿ ಸಾಂಬ್ರಾಣಿ ಸಿಗಲಿಲ್ಲವಂತೆ. ಪೊಟ್ಟಣ ದೇವರ ಗೂಡಿನಲ್ಲೇ ಇತ್ತು.

ನನ್ನನ್ನು ಹೊಗೆಯಿಂದ ಆಚೆ ಇಟ್ಟ ಅತ್ತೆ ತಾವು ಮಾತ್ರ ಅದರ ಮುಂದೆಯೇ ಕೂತರು. ನಾನೂ ಮಹೇಶನೂ ಎಷ್ಟು ಹೇಳಿದರೂ ಹಿತ್ತಲ ಒಲೆ ಬಿಡಲಿಲ್ಲ. ಹೋದ ವರ್ಷ ಅವರ ಉಸಿರು ಕಟ್ಟತೊಡಗಿತು. ಜೀವನವಿಡೀ ಕುಡಿದ ಹೊಗೆ ಎಂದರು ಡಾಕ್ಟರು. ತುಮಕೂರಿನ ಅದೇ ಆಸ್ಪತ್ರೆ, ಮೂಗಿಗೆ ಆಕ್ಸಿಜನ್ ನಳಿಕೆ. ಕೊನೆಯ ಬಾರಿ ನಾನು ಅವರ ಪಕ್ಕ ಕೂತಿದ್ದ ಮಧ್ಯಾಹ್ನ ಮಾತಾಡುವಷ್ಟು ಗೆಲುವಾಗಿದ್ದರು. ಇಷ್ಟು ವರ್ಷ ಹೇಳದೆ ಇಟ್ಟುಕೊಂಡದ್ದನ್ನು ಅವತ್ತು ಹೇಳಿಬಿಟ್ಟೆ.

"ಅತ್ತೆ, ನೀವು ಗವಾಕ್ಷಿ ಚೀಲ ತೆಗ್ದಿದ್ದು ಹುರುಳಿಗಲ್ಲ."

"ಹುರುಳಿಗೇ ಕಣೇ."

"ಆ ವರ್ಷ ನಾವು ಹುರುಳೀನೇ ಹಾಕಿರ್ಲಿಲ್ಲ ಅತ್ತೆ."

ಅವರು ಸೂರಿನ ಕಡೆ ಮುಖ ತಿರುಗಿಸಿದರು. ಸಿಕ್ಕಿಬಿದ್ದ ನಗು ಒಂದಿಷ್ಟು ತುಟಿಗೆ ಬಂದು ಹೋಯಿತು. ಆಮೇಲೆ ನಳಿಕೆಯ ನಡುವೆ ಉಸಿರು ಹುಡುಕಿಕೊಂಡು ಹೇಳಿದರು.

"ಇಂಚರಾನ ಇದೇ ಆಸ್ಪತ್ರೇಲಿ ಎದೆ ಮೇಲೆ ಕಟ್ಕೊಂಡಿದ್ನಲ್ಲ... ಭಾರಾನೇ ಇರ್ಲಿಲ್ಲ ಕಣವ್ವ. ಐತೋ ಇಲ್ವೋ ಅಂತ ಗಳಿಗೆಗೊಂದ್ಸತಿ ಸೆರಗು ತೆಗ್ದು ನೋಡ್ತಿದ್ದೆ. ಇನ್ನೊಂದು ಕೂಸ್ನ ಹಂಗೆ ನೋಡಕ್ಕೆ ನನ್ ಕೈಲಿ ಆಯ್ತಿರ್ಲಿಲ್ಲ."

ಅಷ್ಟು ವರ್ಷಗಳಲ್ಲಿ ಅವರು ನನಗೆ ಹೇಳಿದ ಒಂದೇ ಒಂದು ನಿಜವಾದ ಕಾರಣ ಅದು. ನಾನು ಅವರ ಕೈ ಹಿಡಿದುಕೊಂಡೆ. ಸ್ವಲ್ಪ ಹೊತ್ತಿಗೆ ಅವರೇ ಬಿಡಿಸಿಕೊಂಡು, "ಹೋಗು ಇನ್ನ, ನಂಗೆ ನಿದ್ದೆ ಬರ್ತೈತೆ" ಎಂದರು. ಮಕ್ಕಳು ಶಾಲೆಯಿಂದ ಬರುವ ಹೊತ್ತಾಗಿತ್ತು. ನಾನು ಬಾಗಿಲಲ್ಲಿ ನಿಂತು ತಿರುಗಿ ನೋಡಿದೆ. ಅತ್ತೆಗೆ ನಿದ್ದೆ ಬಂದಿರಲಿಲ್ಲ, ಕಣ್ಣು ಬಿಟ್ಟುಕೊಂಡು ನಾನು ಹೋಗುವುದನ್ನೇ ನೋಡುತ್ತಿದ್ದರು.