ಕಾಕಾನ ಕಣ್ಣೂ ನನ್ನ ವಾದವೂ

ಹೋದ ವರ್ಷ ದೀಪಾವಳಿ ಮುಗಿದ ವಾರ ನಮ್ಮೂರು ಮೊರಬದ ಶಾಲೆಯಲ್ಲಿ ಎರಡು ದಿನದ ಕಣ್ಣಿನ ಶಿಬಿರ ನಡೆಯಿತು. ನಾನಾಗ ಬಿ.ಎ. ಕೊನೆಯ ವರ್ಷದಲ್ಲಿದ್ದೆ. ಚರ್ಚಾಸ್ಪರ್ಧೆಯಲ್ಲಿ ಕಪ್ ಗೆದ್ದು ಬಂದ ಸೊಕ್ಕು ಬೇರೆ. ಟ್ರ್ಯಾಕ್ಟರ್ ಹೊಡೆಯುವ ನಮ್ಮ ಕಾಕಾ ನನ್ನನ್ನು ಕರೆಯುವುದೇ ‘ವಕೀಲವ್ವ’ ಎಂದು. ಚಾಳೀಸು, ಅಂದರೆ ಕನ್ನಡಕ, ಬೇಕೆಂದು ಅವನು ಶಿಬಿರಕ್ಕೆ ಹೊರಟ, ನಾನೂ ಬೆನ್ನು ಹತ್ತಿದೆ.

ಅಲ್ಲೊಂದು ಹೊಸ ಯಂತ್ರವಿತ್ತು. ಕಣ್ಣಿಗೆ ಹನಿ ಹಾಕಿ, ಗದ್ದ ಊರಿಸಿ, ಪಟಪಟ ಮಿನುಗುವ ಬೆಳಕು ಬಿಡುತ್ತಿದ್ದರು. ಆಗ ಕಣ್ಣೊಳಗಿನ ರಕ್ತನಾಳ ಹಿಗ್ಗಬೇಕಂತೆ. ಹಿಗ್ಗದಿದ್ದರೆ ಮೈಯ ಉಳಿದ ನಾಳಗಳೂ ಪೆಡಸಾಗಿರಬಹುದಂತೆ.

“ಅಂಗೈ ನೋಡಿ ಭವಿಷ್ಯ ಹೇಳೂದಕ್ಕೂ ಇದಕ್ಕೂ ಏನ್ ಫರಕ್ ಐತ್ರಿ?” ಎಂದು ಡಾಕ್ಟರಮ್ಮನನ್ನು ಕೇಳಿದೆ.

“ಕೊಯ್ಯದ, ಚುಚ್ಚದ ರಕ್ತನಾಳ ಕಾಣೂದು ಇಲ್ಲೊಂದ ನೋಡವಾ. ಕಂಡದ್ದನ್ನ ಅಳೀತೀವಿ, ಅಷ್ಟ” ಎಂದವರು ಕಾಕಾನತ್ತ ತಿರುಗಿದರು. “ಈಗ ಚಾ, ತಂಬಾಕು ಏನರ ಆಗೇತೇನ್ರಿ?”

“ಇಲ್ರಿ” ಎಂದ ಕಾಕಾ.

ಅವನ ಕೆಳದುಟಿಯ ಒಳಗೆ ಸುಣ್ಣ ಹಚ್ಚಿ ತಿಕ್ಕಿದ ತಂಬಾಕಿತ್ತು. ಗೊತ್ತಿದ್ದೂ ಸುಮ್ಮನಿದ್ದೆ. ಯಂತ್ರದ ಹುಳುಕು ಹಿಡಿಯಲು ಇದಕ್ಕಿಂತ ಒಳ್ಳೆಯ ಅವಕಾಶ ಎಲ್ಲಿ ಸಿಗಬೇಕು?

ನಾಳ ಹಿಗ್ಗಲಿಲ್ಲ. ನಾನು ಕೂಡಲೇ ಮುಂದೆ ಬಂದೆ. “ಅವನ ಬಾಯಾಗ ತಂಬಾಕ ಐತ್ರಿ. ಒಂದ ಚಿಟಿಕಿ ತಂಬಾಕಿಗೆ ಬದಲಾಗೂ ತಪಾಸಣಿ ನಂಬೂದ ಹೆಂಗ?”

ಸಾಲಿನಲ್ಲಿದ್ದವರೆಲ್ಲ ನಕ್ಕರು. ಡಾಕ್ಟರಮ್ಮ ನಗಲಿಲ್ಲ. “ನಾಳೆ ಮುಂಜಾನೆ ಏನೂ ಹಾಕ್ಕೊಳ್ಳದ ಬರ್ರಿ” ಎಂದರು.

ಹನಿ ಹಾಕಿದ ಕಣ್ಣು ಮಂಜಾಗಿ ಕಾಕಾ ನನ್ನ ಭುಜ ಹಿಡಿದೇ ಮನೆಗೆ ಬಂದ. ಎದುರು ಸಿಕ್ಕವರಿಗೆಲ್ಲ, “ನಮ್ಮ ವಕೀಲವ್ವ ಡಾಕ್ಟರ್ ಬಾಯಿ ಮುಚ್ಚಿಸಿದ್ಲಪಾ!” ಎಂದು ಸಾರುತ್ತಿದ್ದ. ನನಗೆ ಮಾತ್ರ ಊಟ ಸೇರಲಿಲ್ಲ. ಒಂದು ಚಿಟಿಕೆಯೇ ನಾಳವನ್ನು ಬಿಗಿಹಿಡಿಯುತ್ತದೆ ಎಂದಾದರೆ, ದಿನಕ್ಕೆ ಹತ್ತು ಸಲ ತಿಕ್ಕುವವನ ಗತಿಯೇನು? ಅಥವಾ ಕಾರಣ ತಂಬಾಕೇ ಅಲ್ಲದಿದ್ದರೆ?

ಮರುದಿನ ಬೆಳಗಾದದ್ದೇ ತಡ, “ಏಳು ಕಾಕಾ, ಹೋಗೂಣು” ಎಂದೆ.

“ಯಾಕ ಬೇ? ಆ ಯಂತ್ರ ಸುಳ್ಳ ಅಂತ ನೀನ ಹೇಳಿದ್ಯಲ್ಲ!”

ಪರ ಮಾತಾಡಿದ ಬಾಯಲ್ಲೇ ವಿರೋಧ ಮಾತಾಡುವುದು ನನಗೆ ಅಭ್ಯಾಸ. ಅರ್ಧ ತಾಸು ವಾದಿಸಿದೆ. ನನ್ನ ನಿನ್ನೆಯ ಮಾತುಗಳನ್ನೇ ಅವನು ಒಂದೊಂದಾಗಿ ತಿರುಗಿ ಎಸೆದ. ಕೊನೆಗೆ ಅಂಗಿಯ ಕಿಸೆಯಿಂದ ತಂಬಾಕಿನ ಡಬ್ಬಿ ತೆಗೆದ.

“ನನಗ ಅಂಜಿಕಿ ಆಗೇತಿ ಕಾಕಾ” ಎಂದೆ.

ಅವನು ನನ್ನ ಮುಖ ನೋಡಿದ. ಡಬ್ಬಿಯನ್ನು ನನ್ನ ಕೈಗಿಟ್ಟು ಚಪ್ಪಲಿ ಮೆಟ್ಟಿದ.

ತಂಬಾಕಿಲ್ಲದೆಯೂ ನಾಳ ಹಿಗ್ಗಲಿಲ್ಲ. “ಇದೊಂದರ ಮ್ಯಾಲ ರೋಗ ಐತಿ ಅನ್ನೂದಿಲ್ರಿ. ಬಿ.ಪಿ., ಶುಗರ್ ತೋರಸ್ರಿ” ಎಂದರು ಡಾಕ್ಟರಮ್ಮ. ಅದೇ ದಿನ ನವಲಗುಂದದ ಆಸ್ಪತ್ರೆಗೆ ಹೋಗಿ ತೋರಿಸಿದರೆ ಎರಡೂ ಏರಿದ್ದವು. ಈಗ ಗುಳಿಗೆ ನುಂಗುತ್ತಾನೆ. ತಂಬಾಕು ಬಿಟ್ಟಿದ್ದೇನೆ ಎನ್ನುತ್ತಾನೆ. ಅದನ್ನು ನಾನು ಪೂರ್ತಿ ನಂಬುವುದಿಲ್ಲ.

ಆ ಯಂತ್ರದ ಬಗ್ಗೆ ನನ್ನ ಪ್ರಶ್ನೆಗಳು ಇನ್ನೂ ಇವೆ, ಕೇಳುವುದನ್ನೂ ಬಿಟ್ಟಿಲ್ಲ. ಆದರೆ ಕಾಕಾ “ಇಲ್ರಿ” ಎಂದಾಗ ನಾನು ತುಟಿ ಬಿಚ್ಚದೆ ನಿಂತಿದ್ದೆನಲ್ಲ, ಒಂದು ವಾದ ಗೆಲ್ಲಲು ಅವನ ಜೀವವನ್ನೇ ಪಣಕ್ಕಿಟ್ಟು! ಆ ಗಳಿಗೆ ನೆನಪಾದರೆ ಇವತ್ತಿಗೂ ಕೂತಲ್ಲಿ ಕೂರಲು ಆಗುವುದಿಲ್ಲ.