ಹುಳು ಹಣ್ಣಾದ ದಿನದ ಓಟು

ಮಾಗಡಿಯ ಬ್ಯಾಂಕಿನಲ್ಲಿ ನನಗೆ ಕೆಲಸ ಸಿಕ್ಕಿದ ಕಾಲಕ್ಕೆ ನಮ್ಮ ಊರ ಸುತ್ತ ರಾಗಿ ಹೊಲಗಳೆಲ್ಲ ಹಿಪ್ಪುನೇರಳೆ ತೋಟಗಳಾಗುತ್ತಿದ್ದವು. ಕುರಿ ಕೂಡುತ್ತಿದ್ದ ಕೊಟ್ಟಿಗೆಗಳಿಗೆ ಸುಣ್ಣ ಬಳಿದು ರೇಷ್ಮೆ ಹುಳು ಸಾಕುತ್ತಿದ್ದರು. ನಮ್ಮ ಮನೆಯಲ್ಲೂ ನಡುಮನೆಯನ್ನು ಹುಳುಗಳಿಗೆ ಬಿಟ್ಟುಕೊಟ್ಟು ನಾವು ಜಗಲಿಯಲ್ಲಿ ಮಲಗುತ್ತಿದ್ದೆವು. ಯಾರಿಗೂ ಬೇಸರವಿರಲಿಲ್ಲ. ರೇಷ್ಮೆ ಗೂಡು ಮಾರಿದ ಮನೆಗೆ ಹೊಸ ಹೆಂಚು ಬರುತ್ತಿತ್ತು, ರೇಡಿಯೋ ಬರುತ್ತಿತ್ತು. ಊರಿಗೆ ಊರೇ ಮದುವೆ ಮನೆಯ ಹಾಗೆ ಗಿಜಿಗುಟ್ಟುತ್ತಿತ್ತು.

ಸಾಲ ಕೇಳಿದವರ ತೋಟ ನೋಡಿ ಬರುವುದು ಬ್ಯಾಂಕಿನಲ್ಲಿ ನನ್ನ ಕೆಲಸ. ಮೊಪೆಡ್ ಹತ್ತಿ ಊರೂರು ಸುತ್ತುತ್ತಿದ್ದೆ. ಜನ ನನ್ನನ್ನು ಬ್ಯಾಂಕಮ್ಮ ಅನ್ನುತ್ತಿದ್ದರು. ನನಗೆ ಅದು ಖುಷಿಯೇ.

ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಟಾಗ ಪಕ್ಕದ ಮನೆಯ ದೊಡ್ಡಮ್ಮ ಗೂಡಿನ ಮೂಟೆಯ ಮುಂದೆ ಕುಳಿತಿದ್ದಳು. ರಾಮನಗರದ ಮಾರುಕಟ್ಟೆಗೆ ಒಯ್ಯಬೇಕಿದ್ದ ಟೆಂಪೊ ನಾಲ್ಕೈದು ದಿನವಾದರೂ ಬಂದಿರಲಿಲ್ಲ. ನಮ್ಮೂರಿಗೆ ಬಸ್ಸೂ ಇರಲಿಲ್ಲ. ಕಾಯುತ್ತ ಕಾಯುತ್ತ ಚಿಟ್ಟೆಗಳು ಗೂಡು ತೂತು ಮಾಡಿ ಹೊರಬಂದಿದ್ದವು. ತೂತಾದ ಗೂಡಿನಿಂದ ನೂಲು ತೆಗೆಯಲು ಬರುವುದಿಲ್ಲ. ಅವಳು ಅಳಲಿಲ್ಲ, ಬೈಯಲೂ ಇಲ್ಲ. ನನ್ನ ಮುಖ ನೋಡಿ ಕೇಳಿದಳು:

"ಬ್ಯಾಂಕಲ್ಲಿ ಸಾಲ ಕೊಡುಸ್ತೀಯ, ನಾವು ಗೂಡು ಬೆಳಿತೀವಿ. ತಗಂಡೋಗಕ್ಕೆ ದಾರಿ ಎಲ್ಲೈತವ್ವ?"

ಆ ದಿನವೆಲ್ಲ ಬ್ಯಾಂಕಿನಲ್ಲಿ ನನಗೆ ಬೇರೆ ಏನೂ ಕೇಳಿಸಲಿಲ್ಲ. ಅದೇ ಹೊತ್ತಿಗೆ ಸುತ್ತಲ ನಾಲ್ಕಾರು ಊರು ಸೇರಿದ ಮಂಡಲ ಪಂಚಾಯಿತಿಗೆ ಚುನಾವಣೆ ಬಂತು. ಹೆಂಗಸರಿಗೂ ಸ್ಥಾನಗಳಿದ್ದವು. ಗೆದ್ದರೆ ಊರಿಗೆ ಬಸ್ಸು ತರಿಸಬಹುದು ಅನ್ನಿಸಿತು. ಆದರೆ ಬ್ಯಾಂಕಿನವರು ಚುನಾವಣೆಗೆ ನಿಲ್ಲುವಂತಿಲ್ಲ. ನಾನು ರಾಜೀನಾಮೆ ಕೊಡುತ್ತೇನೆ ಎಂದಾಗ, ಮೇಷ್ಟ್ರಾಗಿದ್ದ ನನ್ನ ಗಂಡ ಇನ್ನೊಮ್ಮೆ ಯೋಚನೆ ಮಾಡು ಅಂದರು. ನನಗೆ ಹೆದರಿಕೆಯಿದ್ದದ್ದು ಅತ್ತೆಯದು. ಬ್ಯಾಂಕಿನ ಸೊಸೆ ಅಂತ ಊರೆಲ್ಲ ಹೇಳಿಕೊಂಡು ತಿರುಗಿದವರು. ಅವರು ಅವರೆಕಾಯಿ ಬಿಡಿಸುತ್ತ ತಲೆ ಎತ್ತದೆ ಅಂದರು:

"ಬ್ಯಾಂಕ್ನೋರು ಇನ್ನೊಬ್ರುನ್ನ ಕರ್ಕತಾರೆ. ನಮ್ಗೆ ಇನ್ನೊಬ್ರು ಯಾರವ್ರೆ?"

ರಾಜೀನಾಮೆ ಕೊಟ್ಟು ಬ್ಯಾಂಕಿನ ಮೆಟ್ಟಿಲಿಳಿದೆ. ಭಯವೋ ಸಂತೋಷವೋ ತಿಳಿಯದೆ, ಮೊಪೆಡ್ ಮೇಲೆ ಊರವರೆಗೂ ಒಬ್ಬಳೇ ನಗುತ್ತ ಬಂದೆ.

ಎದುರಾಳಿಯ ಕಡೆಯವರು ಜೀಪಿಗೆ ಮೈಕು ಕಟ್ಟಿಕೊಂಡು ಬಂದರು. ಯಾರೂ ಹೊರಗೆ ಬರಲಿಲ್ಲ, ಎಲ್ಲರ ಕೈಯೂ ಹುಳುವಿಗೆ ಹಾಕುವ ಹಿಪ್ಪುನೇರಳೆ ಸೊಪ್ಪಿನಲ್ಲಿತ್ತು. ನಾನು ಮೈಕಿನ ಗೋಜಿಗೆ ಹೋಗಲಿಲ್ಲ. ಕೈಕಾಲು ತೊಳೆದುಕೊಂಡು ಮನೆಮನೆಯೊಳಗೆ ಹೋಗಿ, ಅವರ ಜೊತೆ ಸೊಪ್ಪು ಹೆಚ್ಚುತ್ತ ಓಟು ಕೇಳಿದೆ.

ಓಟಿನ ದಿನ ಮಾತ್ರ ಎಲ್ಲ ತಲೆಕೆಳಗಾಯಿತು. ಬೀದಿಗೆ ಬೀದಿಯೇ ಹುಳು ಹಣ್ಣಾಗಿತ್ತು. ಮೈ ಹಳದಿಯಾಗಿ ಗೂಡು ಕಟ್ಟಲು ತಯಾರಾದ ಹುಳುವನ್ನು ಆ ಕೂಡಲೇ ಆಯ್ದು ಚಂದ್ರಂಕಿಗೆ, ಅಂದರೆ ಬಿದಿರಿನ ಸುರುಳಿ ತಟ್ಟೆಗೆ, ಬಿಡಬೇಕು. ತಡವಾದರೆ ನೂಲು ಹಾಳು. ಮಧ್ಯಾಹ್ನವಾದರೂ ನಮ್ಮ ಬೀದಿಯ ಹೆಂಗಸರಲ್ಲಿ ಒಬ್ಬರೂ ಓಟಿನ ಪೆಟ್ಟಿಗೆ ಇಟ್ಟಿದ್ದ ಶಾಲೆಯ ಕಡೆ ಸುಳಿಯಲಿಲ್ಲ. ನಾನು ಶಾಲೆಯ ಬೇಲಿ ಹಿಡಿದು ನಿಂತು, ಕೆಲಸವೂ ಹೋಯಿತು, ಓಟೂ ಹೋಯಿತು ಅಂದುಕೊಂಡೆ.

ಅಷ್ಟರಲ್ಲಿ ಅತ್ತೆ ಸೆರಗು ಸಿಕ್ಕಿಸಿಕೊಂಡು ಬೀದಿಗಿಳಿದರಂತೆ. ಒಂದು ಮನೆಯವರು ಓಟು ಹಾಕಿ ಬರುವ ತನಕ ಪಕ್ಕದ ಮನೆಯವರು ಅವರ ಹುಳು ಆಯಬೇಕು, ಆಮೇಲೆ ಇವರು ಅವರದ್ದು ಅಂತ ಮನೆಮನೆಗೆ ಹೇಳಿದರಂತೆ. ಮಾತಾಡದೆ ಮುಖ ತಿರುಗಿಸಿಕೊಂಡಿದ್ದ ಓರಗಿತ್ತಿಯರನ್ನೂ ಒಬ್ಬರ ಮನೆಗೆ ಒಬ್ಬರನ್ನು ಕಳಿಸಿದರು. ನಾನು ನೋಡುತ್ತಿದ್ದಂತೆ ದಾರಿಯ ತಿರುವಿನಲ್ಲಿ ಹೆಂಗಸರು ಕಾಣಿಸಿಕೊಂಡರು. ಹೆಚ್ಚುಕಡಿಮೆ ಓಡುತ್ತಲೇ ಬರುತ್ತಿದ್ದರು. ದೊಡ್ಡಮ್ಮನ ತಲೆಯಲ್ಲಿ ಸೊಪ್ಪಿನ ಎಲೆಯೊಂದು ಅಂಟಿಕೊಂಡೇ ಇತ್ತು. ಓಟು ಹಾಕಿದವರು ನಿಂತು ಮಾತಾಡದೆ ಹಾಗೇ ಓಡಿದರು. ಒಂದು ಹುಳುವೂ ಕೆಡಲಿಲ್ಲ. ನಾನು ಗೆದ್ದೆ.

ಬಸ್ಸು ತರಿಸುವುದು ಅಷ್ಟು ಸಲೀಸಾಗಿರಲಿಲ್ಲ. ದಾರಿಯ ಹಳ್ಳಕ್ಕೆ ಮೋರಿ ಇಲ್ಲದೆ ಬಸ್ಸು ಬಿಡಲಾಗದು ಅಂದರು ಡಿಪೋದವರು. ಮೋರಿಗಾಗಿ ಮಂಡಲದ ಸಭೆಯಲ್ಲಿ ಗಂಟಲು ಹರಿಯುವಂತೆ ಮಾತಾಡಿದೆ. ಮಂಜೂರಾದ ಮೇಲೆ ಊರವರೇ ಕಲ್ಲುಮಣ್ಣು ಹೊತ್ತರು. ಬಸ್ಸು ಬಂದ ದಿನ ಟಾಪಿನ ಮೇಲೆಲ್ಲ ಗೂಡಿನ ಮೂಟೆ. ಒಳಗೆ ನನಗೆ ಕೂರಲು ಜಾಗವಿಲ್ಲದೆ ಬಾಗಿಲ ಕಂಬಿ ಹಿಡಿದು ನಿಂತೆ. ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಹಿಂದಿನಿಂದ ಯಾರೋ ಸೋಬಾನೆ ಎತ್ತಿಕೊಂಡರು.

ನಮ್ಮ ಮಂಡಲದ್ದೇ ಆದ ಮುಂದಿನ ಊರಿನಲ್ಲಿ ಹೆಂಗಸರ ಗುಂಪೊಂದು ಬಸ್ಸಿಗೆ ಕೈ ಅಡ್ಡ ಹಾಕಿತು. ಅವರು ಹತ್ತಲಿಲ್ಲ. ಬೋರ್‌ವೆಲ್ ಕೆಟ್ಟು ಕೂತೈತೆ, ಒಸಿ ಇಳಿದು ನೋಡವ್ವ ಅಂದರು. ಕಂಡಕ್ಟರಿಗೆ ರೈಟ್ ಅಂದು ನಾನು ಇಳಿದುಬಿಟ್ಟೆ.